ನಾನೂರ ಎಪ್ಪತ್ತೆಂಟು ಅಡಿ

ಜನವರಿ 9

ಮಾನ್ಯರೇ,

ನಿಮ್ಮ ಹದಿನಾಲ್ಕನೇ ನಂಬರಿನ ಮನೆಗೆ ಬಂದು ಇಂದಿಗೆ ಆರು ವಾರವಾಯಿತು. ಏನೇ ಹೇಳುವುದಿದ್ದರೂ ಫೋನ್ ಮಾಡಕೂಡದು, ಬರೆದೇ ತಿಳಿಸಬೇಕು ಎಂಬ ನಿಮ್ಮ ಷರತ್ತನ್ನು ಕರಾರಿನಲ್ಲಿ ಓದಿ, ಮನೆ ತೋರಿಸಿದ ದಲ್ಲಾಳಿ ನಕ್ಕಿದ್ದ. "ಮೂವತ್ತು ವರ್ಷ ಚಿನ್ನದ ಗಣೀಲಿ ಸರ್ವೇಯರ್ ಆಗಿದ್ದೋರಮ್ಮ. ಕಾಗದದ ಮೇಲೆ ಇಲ್ಲದ್ದು ಅವರ ಪಾಲಿಗೆ ಭೂಮಿ ಮೇಲೂ ಇಲ್ಲ" ಎಂದ. ನನಗೆ ಷರತ್ತು ಹಿಡಿಸಿತು. ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕುವವಳು ನಾನು. ಮಾತಿಗಿಂತ ಕಾಗದ ವಾಸಿ.

ತಿಳಿಸಬೇಕಾದದ್ದು ಇಷ್ಟು. ಹಿಂಬಾಗಿಲ ಚಿಲಕ ಸಡಿಲವಾಗಿದೆ. ಅಡುಗೆಮನೆಯ ಕಿಟಕಿಯ ಒಂದು ಗಾಜು ನಾನು ಬರುವ ಮೊದಲೇ ಒಡೆದಿತ್ತು, ನಾನು ಒಡೆದದ್ದಲ್ಲ.

ಉಳಿದಂತೆ ಮನೆ ಚೆನ್ನಾಗಿದೆ. ಒಂದೇ ಸಾಲಿನಲ್ಲಿ ಇಪ್ಪತ್ತೆರಡು ಮನೆ, ಎರಡೆರಡು ಮನೆಗೆ ನಡುವೆ ಒಂದೇ ಗೋಡೆ. ಹದಿಮೂರರಲ್ಲಿ ನರ್ಸಮ್ಮ ಸೀನಿದರೆ ನನ್ನ ಕೈಯ ಸೂಜಿ ಅಲುಗುತ್ತದೆ. ಹದಿನೈದರ ಡ್ರಿಲ್ಲರ್ ಮಾವನ ಕಿವಿ ಬಂಡೆ ಕೊರೆದೂ ಕೊರೆದೂ ಹೋಗಿದೆಯಂತೆ. ಹೆಂಡತಿಗೆ ಅವರು ಗುಟ್ಟಾಗಿ ಹೇಳಿದ್ದು ಇಡೀ ಬೀದಿಗೆ ಗೊತ್ತಾಗುತ್ತದೆ. ಹಿಂದೆ ಗುಡ್ಡ, ಅದರ ಪಕ್ಕ ಅರೆದು ಸುರಿದ ಕಲ್ಲುಪುಡಿಯ ಬಿಳಿ ದಿಬ್ಬ. ಗಾಳಿ ಒಣಗಾಳಿ, ಅಂಟು ಒಂದೇ ಹದದಲ್ಲಿ ಆರುತ್ತದೆ. ವಾರದ ಕೊನೆಗೆ ಪ್ರವಾಸಿಗರು ಬಂದು, ಹಳೇ ಗಣಿ ಬೀದಿ ಎಂದು ನಾವು ಒಣಹಾಕಿದ ಬಟ್ಟೆಗಳ ಫೋಟೋ ತೆಗೆಯುತ್ತಾರೆ. ಮೊಣಕೈವರೆಗೆ ಅಂಟು ಮೆತ್ತಿಕೊಂಡು ಬಾಗಿಲಲ್ಲಿ ಕೂತಿದ್ದ ನನ್ನನ್ನು ಒಬ್ಬಾಕೆ, "ನೀವು ದಿನಾ ಇರ್ತೀರಾ, ರಜೆ ದಿನ ಮಾತ್ರಾನಾ?" ಎಂದು ಕೇಳಿದಳು. ನಾನೂ ಪ್ರದರ್ಶನದ ಭಾಗ ಎಂದುಕೊಂಡಿದ್ದಳು.

ಇತಿ,
ಹದಿನಾಲ್ಕನೇ ಮನೆಯ ಬಾಡಿಗೆಯವಳು

ಜನವರಿ 21

ಹದಿನಾಲ್ಕನೇ ಮನೆಯವರಿಗೆ,

ಪತ್ರ ತಲುಪಿತು. ಚಿಲಕಕ್ಕೆ ಒಂದೂವರೆ ಇಂಚಿನ ಮೊಳೆ ಸಾಕು. ಆ ಬಾಗಿಲ ಚೌಕಟ್ಟು ಹದಿನೈದರ ಗೋಡೆಗೆ ತಾಗಿಕೊಂಡಿದೆ. ಎರಡಿಂಚಿನದು ಹೊಡೆದರೆ ತುದಿ ಅವರ ಅಡುಗೆಮನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ವಾಸವಿದ್ದಾಗ ಒಮ್ಮೆ ನಾನೇ ಹಾಗೆ ಹೊಡೆದಿದ್ದೆ. ಡ್ರಿಲ್ಲರ್ ಜಗಳಕ್ಕೆ ಬರುತ್ತಾನೆಂದು ಕಾದೆ. ಅವನು ಆ ತುದಿಗೆ ಸೌಟು ನೇತುಹಾಕಿಕೊಂಡ.

ಕಿಟಕಿಯ ಗಾಜು ಹದಿನಾಲ್ಕಕ್ಕೆ ಹದಿನೆಂಟು ಇಂಚು. ಅಂಗಡಿಯವನು ಅಳತೆಗೆ ಬರುತ್ತೇನೆಂದರೆ ಬೇಡವೆನ್ನಿ. ಅದು ನಾನು ಅಳೆದದ್ದು.

ಮಗಳ ಮನೆಗೆ ಬಂದು ನಾಲ್ಕು ವರ್ಷವಾದರೂ ನನಗೆ ಇಲ್ಲಿಯ ತೇವದ ಗಾಳಿ ಒಗ್ಗಿಲ್ಲ. ನಿಮ್ಮ ಅಂಟಿನ ಮಾತು ಓದಿ ಸಂತೋಷವಾಯಿತು.

ಆ ಮನೆಯಲ್ಲಿ ಎಷ್ಟು ಕಾಲ ಇರುವ ಅಂದಾಜಿದೆ? ಸುಮ್ಮನೆ ಕೇಳಿದೆ.

ಸರ್ವೇಯರ್ (ನಿವೃತ್ತ)

ಫೆಬ್ರವರಿ 2

ಮಾನ್ಯರೇ,

ಗಾಜು ಹಾಕಿಸಿದೆ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಸೌಟು ಈಗಲೂ ಅಲ್ಲೇ ಇದೆ.

ಎಷ್ಟು ಕಾಲ ಎಂದು ಕೇಳಿದ್ದೀರಿ. ಒಂಬತ್ತು ವರ್ಷದಲ್ಲಿ ನಾಲ್ಕು ಮನೆ ಬಿಟ್ಟಿದ್ದೇನೆ. ನಾಲ್ಕು ಸಲವೂ ಮಾತು ಶುರುವಾದದ್ದು ಇದೇ ಪ್ರಶ್ನೆಯಿಂದ. ಒಬ್ಬರಿಗೆ ಮಗನ ಮದುವೆ, ಒಬ್ಬರಿಗೆ ರಿಪೇರಿ, ಉಳಿದಿಬ್ಬರು ಕಾರಣ ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ನಿಮ್ಮದು ಸಹಜವಾದ ವಿಚಾರಣೆಯೇ ಇರಬಹುದು.

ಉತ್ತರ: ಬಹಳ ಕಾಲ.

ಬಾಡಿಗೆಯವಳು

ಮಾರ್ಚ್ 4

ಮನೆ ಮಾಲೀಕರಿಗೆ,

ನಿನ್ನೆ ಬೆಳಿಗ್ಗೆ ಗಣಿ ಜಮೀನು ಕಚೇರಿಯವರು ಬಂದು ಇಪ್ಪತ್ತೆರಡು ಬಾಗಿಲಿಗೂ ನೋಟೀಸು ಅಂಟಿಸಿ ಹೋದರು. ಗುಡ್ಡದ ಆಚೆಯ ತಗ್ಗಿನಿಂದ ಹೊರಟ ಹಳೆಯ ಸುರಂಗವೊಂದು ಹದಿನಾಲ್ಕನೇ ಮನೆಯ ಕೆಳಗೆ ಹಾದುಹೋಗುತ್ತದಂತೆ. ಅದು ಕುಸಿದರೆ ಗೋಡೆ ಹಂಚಿಕೊಂಡ ಇಡೀ ಸಾಲೇ ಕುಸಿಯುತ್ತದಂತೆ. ಮೇ 15ರೊಳಗೆ ಎಲ್ಲರೂ ಖಾಲಿ ಮಾಡಬೇಕು. ಆಮೇಲೆ ಈ ಸಾಲನ್ನು ಹೀಗೇ ಉಳಿಸಿ ವಸ್ತುಸಂಗ್ರಹಾಲಯದ ಬೀದಿ ಮಾಡುತ್ತಾರೆ.

ಸಂಜೆ ಶಾಲೆಯ ಅಂಗಳದಲ್ಲಿ ಸಭೆ. "ನಾವು ಓಡಾಡಿದ್ರೆ ಕುಸಿಯೋ ನೆಲ, ಟೂರಿಸ್ಟು ಓಡಾಡಿದ್ರೆ ಕುಸಿಯಲ್ವಾ? ಅವರೇನು ಬಲೂನಾ?" ಎಂದು ಡ್ರಿಲ್ಲರ್ ಮಾವ ಕೂಗಿದರು. ಜನ ನಕ್ಕರು. ಕಚೇರಿಯ ಎಂಜಿನಿಯರು ನಗಲಿಲ್ಲ. "ಅವರು ಹೊರಗಿನಿಂದ ನೋಡ್ತಾರೆ" ಎಂದರು.

ಮಾವ ಕೂರಲಿಲ್ಲ. "ಆ ಸುರಂಗ ಕೊರೆದ ತಂಡದಲ್ಲಿ ನಾನೂ ಇದ್ದೆ. ಇಲ್ಲಿವರೆಗೂ ನಾವು ಬಂದೇ ಇಲ್ಲ ಸ್ವಾಮಿ. ಗುಡ್ಡದ ಬುಡದಲ್ಲೇ ನಿಂತೋಯ್ತು ಅದು" ಎಂದರು. ಎಂಜಿನಿಯರು ನಕ್ಷೆ ಬಿಡಿಸಿ, ಮೂಲೆಗೆ ಬೆರಳಿಟ್ಟು, "ಇದು ಯಾರ ಸಹಿ ನೋಡಿ" ಎಂದರು. ಮಾವನಿಗೆ ಓದು ಬರುವುದಿಲ್ಲ. ಆ ಸಹಿ ಮಾತ್ರ ಗೊತ್ತು. ಬಗ್ಗಿ ನೋಡಿ, ಕೂತುಬಿಟ್ಟರು.

ಸಹಿ ನಿಮ್ಮದು.

ಮಾಲೀಕರೆಲ್ಲರಿಗೂ ಈ ವಿಷಯ ತಿಳಿಸಿ ಜನವರಿ 12ಕ್ಕೇ ಪತ್ರ ಹೋಗಿದೆ ಎಂದು ಸಭೆಯಲ್ಲಿ ಹೇಳಿದರು. ಮಾಲೀಕರಿಗೆ ಪರಿಹಾರವಿದೆ, ಬಾಡಿಗೆಯವರಿಗಿಲ್ಲ ಎಂದೂ ಹೇಳಿದರು. ಜನವರಿ 21ರಂದು ನೀವು ನನಗೆ ಮೊಳೆಯ ಬಗ್ಗೆ ಅಷ್ಟುದ್ದ ಬರೆದಿದ್ದೀರಿ. ಇದರ ಬಗ್ಗೆ ಒಂದು ಸಾಲಿಲ್ಲ. 'ಸುಮ್ಮನೆ ಕೇಳಿದೆ' ಎಂಬುದರ ಅರ್ಥ ಈಗ ಆಯಿತು.

ಬಾಡಿಗೆಯವಳು

ಮಾರ್ಚ್ 15

ಹದಿನಾಲ್ಕನೇ ಮನೆಯವರಿಗೆ,

ನಿಮಗೆ ಮೊದಲೇ ತಿಳಿಸದಿದ್ದದ್ದು ತಪ್ಪು. ಪರಿಹಾರಕ್ಕಾಗಿ ಅಲ್ಲ, ಅದರ ಅರ್ಜಿಯನ್ನು ನಾನು ತುಂಬಿಲ್ಲ.

ಕಚೇರಿಯವರೊಂದಿಗೆ ಜಗಳ ಬೇಡ. ನಕ್ಷೆಯಲ್ಲಿ ಇದ್ದಂತೆ ಅವರು ನಡೆಯುತ್ತಾರೆ, ನಡೆಯಲೇಬೇಕು. ಪೇಟೆಯ ಆಚೆ ನನಗೆ ಪರಿಚಯದವರ ಮನೆಯೊಂದು ಖಾಲಿಯಿದೆ. ನಿಮ್ಮ ಬಗ್ಗೆ ಬರೆದಿದ್ದೇನೆ.

ಡ್ರಿಲ್ಲರನ ಮಾತನ್ನು ಸಭೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೇ?

ಸರ್ವೇಯರ್

ಮಾರ್ಚ್ 22

ಮನೆ ಮಾಲೀಕರಿಗೆ,

ಪೇಟೆಯ ಆಚೆಯ ಮನೆ ನನಗೆ ಬೇಡ. ಅವರಿಗೆ ಹಾಗೆಂದು ನೀವೇ ಬರೆಯಿರಿ.

ನಾಲ್ಕು ಸಲ ಹೇಳಿದ ತಕ್ಷಣ ಗಂಟುಮೂಟೆ ಕಟ್ಟಿದ್ದೇನೆ. ಪ್ರತಿ ಸಲವೂ 'ಒಳ್ಳೇ ಹೆಂಗಸು, ತಕರಾರಿಲ್ಲದೆ ಹೋದಳು' ಅನ್ನಿಸಿಕೊಂಡೆ. ಈ ಸಲ ಕೆಟ್ಟ ಹೆಂಗಸು ಅನ್ನಿಸಿಕೊಂಡು ನೋಡುವ ಮನಸ್ಸಾಗಿದೆ. ಇಪ್ಪತ್ತೆರಡು ಮನೆಯವರೂ ಭಾನುವಾರ ನನ್ನ ಅಂಗಳದಲ್ಲಿ ಸೇರಿದ್ದರು. ಕಚೇರಿಯ ನೋಟೀಸಿನ ಪಕ್ಕ ನಾವೂ ಒಂದು ಅಂಟಿಸಿದ್ದೇವೆ: 'ಇಲ್ಲಿ ಜನ ಇದ್ದಾರೆ. ಇರುತ್ತಾರೆ.' ಬರೆದವಳು ನರ್ಸಮ್ಮ, ಅಂಟು ನನ್ನದು. ಕಚೇರಿಯ ಕಾಗದ ಮೂರೇ ಬಿಸಿಲಿಗೆ ಸುರುಳಿ ಸುತ್ತಿ ಬಿದ್ದುಹೋಯಿತು. ನನ್ನದು ಮೈದಾ ಹಿಟ್ಟಿಗೆ ಮೈಲುತುತ್ತ ಹಾಕಿ ಕಾಸಿದ ಅಂಟು. ಬಾಗಿಲು ಹೋದರೂ ಕಾಗದ ಹೋಗುವುದಿಲ್ಲ.

ಮೊನ್ನೆ ಜೀಪಿನಲ್ಲಿ ಬಂದ ಎಂಜಿನಿಯರು ಅದನ್ನು ಉಗುರಿನಿಂದ ಕೆರೆದು ನೋಡಿದರು. "ಹಿಂದಿನಿಂದ ಬಿಸಿನೀರು ಹಾಕಬೇಕು ಸಾರ್, ಆದರೆ ಹಿಂದೆ ಬಾಗಿಲಿದೆ" ಎಂದೆ.

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಬರೆಯಬೇಕು. ನಿನ್ನೆ ಮುಂದಿನ ಕೋಣೆಯ ನೆಲ ಬಿರುಕು ಬಿಟ್ಟಿದೆ. ಬೀದಿಯ ಕಡೆಯ ಬಲಮೂಲೆಯಿಂದ ನಡುವಿನವರೆಗೆ, ಬೆರಳು ತೂರುವಷ್ಟು. ಯಾರಿಗೂ ಹೇಳಿಲ್ಲ, ಮೇಲೆ ಚಾಪೆ ಹಾಸಿದ್ದೇನೆ. ನಾನು ಹಟ ಹಿಡಿದಿರಬಹುದು, ಆದರೆ ಇಷ್ಟು ಜನರನ್ನು ನನ್ನ ಹಟದ ಮೇಲೆ ಮಲಗಿಸಲಾರೆ. ನೆಲ ಕುಸಿಯುತ್ತಿದ್ದರೆ ಹೇಳಿಬಿಡಿ. ಆ ಸುರಂಗ ಅಳೆದವರು ನೀವು.

ಬಾಡಿಗೆಯವಳು

ಮಾರ್ಚ್ 27

ಬೈಂಡಿಂಗಿನಮ್ಮನಿಗೆ,

ನಿಮ್ಮ ಪತ್ರ ಈಗತಾನೇ ಬಂತು. ಅಂಚೆಯವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಅಸಾಧ್ಯ. ಆ ಕೋಣೆಯ ಕೆಳಗೆ ಒಂದೂವರೆ ಅಡಿ ಮಣ್ಣು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಅದು ಕುಸಿಯುವ ನೆಲವಲ್ಲ. ಬಿರುಕು ಮೂಲೆಯಿಂದ ಹೊರಟಿದೆ ಎಂದರೆ ಭಾರ ಮೇಲಿನಿಂದ ಬಿದ್ದಿದೆ. ಆ ಮೂಲೆಯಲ್ಲಿ ಏನಿಟ್ಟಿದ್ದೀರಿ? ಎಷ್ಟು ತೂಕ? ಮುಚ್ಚುಮರೆಯಿಲ್ಲದೆ ಬರೆಯಿರಿ.

ಸರ್ವೇಯರ್

ಏಪ್ರಿಲ್ 2

ಸರ್ವೇಯರ್ ಸಾಹೇಬರಿಗೆ,

ರಟ್ಟು ಕತ್ತರಿಸುವ ಮಷೀನು. ಎರಕದ ಕಬ್ಬಿಣದ್ದು, ಆರು ಕ್ವಿಂಟಾಲ್. ಭಾರದ ಯಂತ್ರ ಇಡಕೂಡದು ಎಂದು ಕರಾರಿನಲ್ಲಿ ಇತ್ತು, ಓದಿಯೇ ತಂದೆ. ದಲ್ಲಾಳಿ ಬಂದಾಗಲೆಲ್ಲ ಅದರ ಮೇಲೆ ಹಾಸಿಗೆ ಹೊದಿಕೆ ಎಳೆದು, ಮೇಲೊಂದು ಹೂವಿನ ಕುಂಡ ಇಟ್ಟು ಮೇಜು ಎನ್ನುತ್ತಿದ್ದೆ. ಮೊನ್ನೆ ಬೀದಿಯ ಆರು ಗಂಡಸರು ಸೇರಿ ಅದನ್ನು ಎದುರು ಗೋಡೆಯ ಬುಡಕ್ಕೆ, ದಪ್ಪ ಹಲಗೆಗಳ ಮೇಲೆ ಸರಿಸಿದರು. ಬಿರುಕಿನ ತುದಿಗೆ ಪೆನ್ಸಿಲ್ ಗುರುತು ಹಾಕಿದ್ದೆ. ಒಂದು ನೂಲಿನಷ್ಟೂ ಮುಂದೆ ಹೋಗಿಲ್ಲ.

ನನ್ನ ಸುಳ್ಳು ಮುಗಿಯಿತು. ಈಗ ನಿಮ್ಮ ಸರದಿ.

ನಿಮ್ಮ ನಕ್ಷೆಯಲ್ಲಿ ಸುರಂಗ ಆರುನೂರ ಹನ್ನೆರಡು ಅಡಿ, ನನ್ನ ಮುಂದಿನ ಕೋಣೆಯನ್ನೂ ದಾಟಿ ಬೀದಿಗೆ ಬಂದಿದೆ. ನಿಮ್ಮ ಪತ್ರದಲ್ಲಿ ಅದೇ ಕೋಣೆಯ ಕೆಳಗೆ ಗಟ್ಟಿ ಕರಿಕಲ್ಲು. ಸಹಿ ಎರಡರಲ್ಲೂ ನಿಮ್ಮದೇ. ಒಂದೇ ಜಾಗದಲ್ಲಿ ಬಂಡೆಯೂ ಬಯಲೂ ಇರಲು ಸಾಧ್ಯವಿಲ್ಲ. ಯಾವುದು ಸುಳ್ಳು?

ಉತ್ತರ ನನಗಾಗಿ ಬೇಡ ಅನ್ನಿಸಿದರೆ ಹದಿನೈದರವರಿಗಾಗಿ ಕೊಡಿ. ಸಭೆಯಾದ ದಿನದಿಂದ ಡ್ರಿಲ್ಲರ್ ಮಾವ ಸಾಮಾನು ಕಟ್ಟುತ್ತಿದ್ದಾರೆ. "ನನ್ನ ತಲೆ ಹೋಯ್ತು ಕಣೇ. ಸಾಹೇಬ್ರು ಬರೆದದ್ದು ಸುಳ್ಳಾಗತ್ತಾ? ನನಗೇ ಮರೆವು" ಎಂದು ಅತ್ತೆಗೆ ಹೇಳುವುದು ಗೋಡೆಯಾಚೆ ನನಗೆ ಕೇಳುತ್ತದೆ. ಮೊದಲು ಸುರಂಗವೊಂದೇ ಆಗಿತ್ತು. ಈಗ, ಊಟ ಮಾಡಿದೆನಾ ಎಂದು ಅತ್ತೆಯನ್ನು ಕೇಳುತ್ತಾರೆ. ಬಾಗಿಲು ಹಾಕಿದೆನಾ ಎಂದು ಎದ್ದು ಹೋಗಿ ನೋಡಿ ಬಂದು, ನೋಡಿ ಬಂದೆನಾ ಎಂದು ಕೇಳುತ್ತಾರೆ. ಎಪ್ಪತ್ತು ವರ್ಷದ ನೆನಪನ್ನೆಲ್ಲ ನಿಮ್ಮ ಒಂದು ಸಹಿಗೆ ಒಪ್ಪಿಸಿ ಕೂತಿದ್ದಾರೆ.

ಬಾಡಿಗೆಯವಳು

ಏಪ್ರಿಲ್ 24

ತಾಯೀ,

ಇದನ್ನು ನಾಲ್ಕು ಸಲ ಬರೆದು ಹರಿದೆ. ಐದನೆಯದನ್ನು ಕಳಿಸುತ್ತಿದ್ದೇನೆ.

ನಕ್ಷೆ ಸುಳ್ಳು. ನಲವತ್ತೊಂದು ವರ್ಷದ ಹಿಂದೆ ಆ ಸುರಂಗವನ್ನು ಹನ್ನೊಂದು ಜನರ ತಂಡ ಕೊರೆಯುತ್ತಿತ್ತು. ಹನ್ನೊಂದೂ ಸಂಸಾರ ನಿಮ್ಮ ಸಾಲಿನಲ್ಲೇ ಕಂಪನಿಯ ಮನೆಗಳಲ್ಲಿದ್ದವು. ತಿಂಗಳಿಗೆ ನಲವತ್ತು ಅಡಿ ಮುಂದೆ ಹೋಗಬೇಕು; ಕಡಿಮೆ ಬಿದ್ದರೆ ತಂಡ ಒಡೆದು, ವಾರದೊಳಗೆ ಮನೆ ಖಾಲಿ ಮಾಡಿಸುವುದು ಕಂಪನಿಯ ನಿಯಮ. ತಿಂಗಳ ಕೊನೆಗೆ ಒಳಗೆ ಹೋಗಿ ಅಳೆದು ಬರೆಯುವುದು ನನ್ನ ಕೆಲಸ.

ಗುಡ್ಡದ ಬುಡದಲ್ಲಿ ಕರಿಕಲ್ಲು ಸಿಕ್ಕಿತು. ಡ್ರಿಲ್ಲಿನ ಮೊನೆ ಒಂದು ಪಾಳಿಯೂ ಬಾಳುತ್ತಿರಲಿಲ್ಲ. ಆ ತಿಂಗಳು ಹದಿನಾಲ್ಕು ಅಡಿ. ಮುಂದೆ ಹನ್ನೊಂದು, ಹದಿನೈದು, ಹನ್ನೆರಡು, ಹದಿನಾಲ್ಕು. ಐದು ತಿಂಗಳೂ ನಾನು ನಲವತ್ತು ಎಂದು ಬರೆದೆ. ನಿಜವಾದ ಉದ್ದ ನಾನೂರ ಎಪ್ಪತ್ತೆಂಟು ಅಡಿ. ಉಳಿದ ನೂರ ಮೂವತ್ತನಾಲ್ಕು ಅಡಿ ಕೊರೆದವನು ನಾನು, ಪೆನ್ನಿನಲ್ಲಿ. ನಿಮ್ಮ ಸಾಲಿನ ಹಿಂಗೋಡೆ ಐನೂರ ಐದನೇ ಅಡಿಯಲ್ಲಿದೆ. ಸುರಂಗ ನಿಮ್ಮ ಮನೆಯನ್ನು ಮುಟ್ಟಿಲ್ಲ.

ಯಾಕೆ ಎಂದು ಕೇಳುತ್ತೀರಿ. ಅದರ ಹಿಂದಿನ ವರ್ಷ ಇನ್ನೊಂದು ತಂಡದ ಮನೆಗಳನ್ನು ಖಾಲಿ ಮಾಡಿಸುವಾಗ ಒಳಅಳತೆ ತೆಗೆಯಲು ನನ್ನನ್ನು ಕಳಿಸಿದ್ದರು. ಅವರು ಪಾತ್ರೆ ಹೊರಗೆ ಸಾಗಿಸುತ್ತಿದ್ದರು, ನಾನು ಟೇಪು ಹಿಡಿದು ದಾರಿಗಡ್ಡ ನಿಂತಿದ್ದೆ. ಒಬ್ಬ ಹೆಂಗಸು ತಲೆಯ ಮೇಲಿನ ಹೊರೆ ಇಳಿಸಿ ಬಂದು, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಳು. ನನಗೆ ಒಬ್ಬನಿಗೆ ಕಷ್ಟವಾಗುತ್ತದೆಂದು. ಆ ಮನೆಯ ಅಳತೆ ನನಗೆ ಈಗಲೂ ನೆನಪಿದೆ. ಅವಳ ಮುಖ ನೋಡಿರಲಿಲ್ಲ.

ದೊಡ್ಡ ಎಂಜಿನಿಯರು ತಪಾಸಣೆಗೆ ಒಮ್ಮೆ ಬಂದರು. ಸುರಂಗದ ಬಾಯಲ್ಲಿ ನಿಂತು ಒಳಗೆ ದೀಪ ಬಿಟ್ಟು ನೋಡಿದರು. ಅಂದು ಬಿಳಿ ಪ್ಯಾಂಟು ಹಾಕಿದ್ದರು, ಒಳಗೆ ಹೋಗಲಿಲ್ಲ. ಆರನೇ ತಿಂಗಳು, ಚಿನ್ನದ ಸುಳಿವಿಲ್ಲವೆಂದು ಸುರಂಗವನ್ನೇ ಕೈಬಿಟ್ಟು ತಂಡವನ್ನು ಬೇರೆ ಕಡೆ ಹಾಕಿದರು. ಮನೆಗಳು ಉಳಿದವು. ತಂಡದವರಿಗೆ ಇದು ಗೊತ್ತಿರಲಿಲ್ಲ. ತಾವು ಕೊರೆದದ್ದೇ ಸಾಕಾಯಿತು ಎಂದುಕೊಂಡರು.

ಗಣಿ ಮುಚ್ಚಿದಾಗ ನನಗೆ ಬಂಗಲೆ ಕೊಡುತ್ತೇವೆಂದರು. ನಾನು ಹದಿನಾಲ್ಕನ್ನು ಕೇಳಿ ತೆಗೆದುಕೊಂಡೆ. ನಕ್ಷೆಯ ಸುರಂಗ ಹಾಯುವ ಮನೆ ಅದು. ಬೇರೆ ಯಾರಾದರೂ ಅಲ್ಲಿದ್ದು, ಒಂದು ದಿನ ಆ ಕಾಗದ ನೋಡಿ ಹೆದರಬಾರದು ಎಂದುಕೊಂಡೆ. ಡ್ರಿಲ್ಲರನ ಪಕ್ಕದಲ್ಲೇ ಇಪ್ಪತ್ತು ವರ್ಷ ಇದ್ದೆ. ದಿನಾ ಇಸ್ಪೀಟಾಡಿದೆವು. ಹೇಳಲಿಲ್ಲ.

ಅವನಿಗೆ ಇದನ್ನು ಓದಿ ಹೇಳಿ. ಅವನ ನೆನಪಿನಲ್ಲಿ ಒಂದಂಗುಲವೂ ತಪ್ಪಿಲ್ಲ ಎಂದು ಹೇಳಿ. ಆದರೆ ಅವನ ಮನೆಯ ಹೊರಗೆ ಇದು ಹೋಗುವುದು ಬೇಡ. ಗಣಿಯ ವಸ್ತುಸಂಗ್ರಹಾಲಯದಲ್ಲಿ ನನ್ನ ಹೆಸರಿನ ಫಲಕವಿದೆ: 'ಇವರ ಅಳತೆ ಎಂದೂ ತಪ್ಪಲಿಲ್ಲ.' ಮೊಮ್ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ನನಗಿರುವುದು ಅದೊಂದೇ.

ಸರ್ವೇಯರ್

ಏಪ್ರಿಲ್ 29

ಸಾಹೇಬರೇ,

ಓದಿ ಹೇಳಿದೆ. ಡ್ರಿಲ್ಲರ್ ಮಾವನಿಗೆ ಗುಟ್ಟಾಗಿ ಓದುವುದು ಹೇಗೆಂದು ನೀವು ಬರೆದಿರಲಿಲ್ಲ.

ಅವರ ಅಡುಗೆಮನೆಯಲ್ಲಿ ಕೂತು ಶುರುಮಾಡಿದೆ. "ಆಂ? ಏನು? ಜೋರಾಗಿ!" ಎಂದರು. ಇನ್ನೊಂದು ಸ್ವರ ಏರಿಸಿದೆ. "ಬೆಳಕಿಗೆ ಬಾ, ತುಟಿ ಕಾಣಲಿ" ಎಂದು ಅಂಗಳಕ್ಕೆ ಎಳೆದುಕೊಂಡು ಬಂದರು. ನಾನು ಗಂಟಲು ಹರಿಯುವಂತೆ 'ಹದಿನಾಲ್ಕು, ಹನ್ನೊಂದು, ಹದಿನೈದು' ಎಂದು ಕೂಗುವಾಗ ನರ್ಸಮ್ಮ ಬಾಗಿಲಿಗೆ ಬಂದಿದ್ದಳು. ಪೆನ್ನಿನಲ್ಲಿ ಕೊರೆದ ಸಾಲಿಗೆ ಬರುವಷ್ಟರಲ್ಲಿ ಇಡೀ ಬೀದಿ ನಿಂತಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕ್ಷಮೆ ಕೇಳುವುದಿಲ್ಲ.

ಮಾವ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಕೊನೆಯ ಸಹಿಯನ್ನು ಬಗ್ಗಿ ನೋಡಿದರು. ಆಮೇಲೆ, "ನಮ್ಮ ರಟ್ಟೆ ಬಲದಿಂದ ಮನೆ ಉಳಿಸಿಕೊಂಡ್ವಿ ಅಂತ ಇಷ್ಟು ವರ್ಷ ಮೀಸೆ ತಿರುವಿದೆನಲ್ಲೇ" ಎಂದು ಅತ್ತೆಯ ಕಡೆ ತಿರುಗಿದರು. ಅತ್ತೆ, "ಹೂಂ, ಆ ಮೀಸೆಗೆ ನಾನೂ ಹೆದರಿದ್ದೆ" ಎಂದರು. ಮಾವ ನಗಲು ಹೋಗಿ ಅತ್ತರು. ನಿಮ್ಮನ್ನು ಬೈದರು; ಬೈದ ಪದಗಳನ್ನು ನಾನು ಬರೆಯಲಾರೆ, ಕಾಗದ ತಡೆಯುವುದಿಲ್ಲ. ಆಮೇಲೆ ಒಳಗೆ ಹೋಗಿ ಕಟ್ಟಿದ ಗಂಟುಗಳನ್ನೆಲ್ಲ ಬಿಚ್ಚಿದರು. ಇವತ್ತು ಬೆಳಿಗ್ಗೆ ಊಟದ ವಿಷಯ ಯಾರನ್ನೂ ಕೇಳಲಿಲ್ಲ; ತಿಂಡಿ ತಡವಾಯಿತೆಂದು ರೇಗಿದರು.

ನಮ್ಮ ಮನೆಗಳು ಒಂದು ಕಡೆ, ನಿಮ್ಮ ಫಲಕ ಒಂದು ಕಡೆ. ಯಾವುದು ಭಾರ ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ನೀವು ಕಚೇರಿಗೆ ಬರೆಯದಿದ್ದರೂ ನಾವು ಸುರಂಗದೊಳಗೆ ಹೋಗಿ ಅಳೆಯುತ್ತೇವೆ.

ಬೈಂಡಿಂಗಿನವಳು

ಮೇ 5

ತಾಯೀ,

ನಿನ್ನ ಪತ್ರ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ಬೀದಿಯಲ್ಲಿ ನಿಂತು ನನ್ನ ಹೆಸರನ್ನು ಕೂಗಿದವಳು ಇನ್ನೊಬ್ಬಳು ಹುಟ್ಟಿಲ್ಲ. ಮೂರನೆಯ ದಿನ ಊಟ ರುಚಿಸಿತು. ಮಗಳು ಏನಾಯಿತೆಂದು ಕೇಳಿದಳು, ಹೇಳಿದೆ. "ಅಪ್ಪಾ, ಇಷ್ಟಕ್ಕೇನಾ ಜನವರಿಯಿಂದ ಮುಖ ಗಂಟು ಹಾಕ್ಕೊಂಡಿದ್ದು?" ಎಂದಳು. ಇಷ್ಟಕ್ಕೇನಾ ಅಂತೆ!

ಕಚೇರಿಗೆ ಬರೆದ ಪತ್ರದ ನಕಲು ಇದರೊಳಗಿದೆ. ಐದು ತಿಂಗಳ ಅಂಕಿ, ಸುಳ್ಳೊಂದು ಕಡೆ ನಿಜವೊಂದು ಕಡೆ, ಸಹಿಯೊಂದಿಗೆ. ನಂಬುವುದಿಲ್ಲ ಅವರು. ಮುದುಕನೊಬ್ಬನ ಮಾತಿಗಿಂತ ಅವನೇ ಬರೆದ ನಕ್ಷೆ ಹೆಚ್ಚು ಅನ್ನುತ್ತಾರೆ.

ಆದ್ದರಿಂದ ಅಳೆಯಿರಿ. ಅದು ನೆಲಕ್ಕೆ ಸಮನಾಗಿ ಹೋಗುವ ಒಣ ಸುರಂಗ, ಇಳಿಯುವುದಿಲ್ಲ. ಆದರೂ ಡ್ರಿಲ್ಲರ್ ಮುಂದೆ, ಉಳಿದವರು ಅವನ ಹಿಂದೆ. ಅವನು ನಿಲ್ಲಿ ಎಂದರೆ ನಿಲ್ಲಬೇಕು. ಮುಂದೆ ಮೇಣದ ಬತ್ತಿ ಇರಲಿ, ಜ್ವಾಲೆ ಸಣ್ಣಗಾದರೆ ಎಲ್ಲರೂ ಹೊರಗೆ. ಬಟ್ಟೆಯ ಟೇಪು ಹಿಗ್ಗುತ್ತದೆ, ಉಕ್ಕಿನದು ತನ್ನಿ. ಸಡಿಲ ಬಿಡಬೇಡಿ. ಓದುವವರೊಬ್ಬರು, ಬರೆಯುವವರೊಬ್ಬರು, ಬರೆದದ್ದನ್ನು ತಿರುಗಿ ಕೂಗುವವರೊಬ್ಬರು. ನನ್ನ ಕಾಲದಲ್ಲಿ ಈ ಮೂರೂ ನಾನೊಬ್ಬನೇ ಆಗಿದ್ದೆ. ಅದಕ್ಕೇ ಸುಳ್ಳು ಬರೆಯಲು ಸಾಧ್ಯವಾಯಿತು.

ಸರ್ವೇಯರ್

ಮೇ 17

ಸಾಹೇಬರೇ,

ನೀವು ಹೇಳಿದಂತೆಯೇ ಕಚೇರಿಯವರು ನಿಮ್ಮ ಪತ್ರವನ್ನು ಬದಿಗಿಟ್ಟರು. ಸುರಂಗ ಅಳೆಯಲು ಅನುಮತಿ ಕೇಳಿದೆವು, ಕೊಡಲಿಲ್ಲ. ಹದಿಮೂರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಹೋದೆವು. ಬಾಯಿಗೆ ಹಾಕಿದ ಬೀಗವನ್ನು ಯಾರೂ ಮುಟ್ಟಲಿಲ್ಲ. ಪಕ್ಕದ ಸರಳುಗಳು ತುಕ್ಕು ಹಿಡಿದು ತಾವಾಗಿಯೇ ಉದುರಿದ್ದವು.

ನಾಲ್ಕೇ ಜನ ಒಳಗೆ. ಮಾವ ಮುಂದೆ, ಕೈಯಲ್ಲಿ ಕಬ್ಬಿಣದ ಸಲಾಕೆ. ಹೆಜ್ಜೆಗೊಮ್ಮೆ ಚಾವಣಿ ತಟ್ಟುತ್ತಿದ್ದರು. "ಕೇಳಿಸಲ್ವಲ್ಲ ಮಾವ, ಏನು ಗೊತ್ತಾಗತ್ತೆ?" ಎಂದು ನರ್ಸಮ್ಮ ಅವರ ಕಿವಿಯ ಹತ್ತಿರ ಕೂಗಿದಳು. "ಸಡಿಲ ಕಲ್ಲು ಅಂಗೈಗೆ ಹೇಳತ್ತೆ ಕಣಮ್ಮ. ಕಿವಿ ಯಾರಿಗೆ ಬೇಕು?" ಎಂದರು. ಎರಡು ಕಡೆ ನಮ್ಮನ್ನು ನಿಲ್ಲಿಸಿ, ಸಲಾಕೆಯಿಂದ ಕಲ್ಲು ಕೆಡವಿ, ಆಮೇಲೆ ಮುಂದೆ ಬಿಟ್ಟರು. ಬತ್ತಿ ಕೊನೆಯವರೆಗೂ ನೆಟ್ಟಗೆ ಉರಿಯಿತು.

ಟೇಪು ಓದಿದವಳು ನರ್ಸಮ್ಮ, ಬರೆದವಳು ನಾನು, ತಿರುಗಿ ಕೂಗಿದ್ದು ಇಪ್ಪತ್ತನೇ ಮನೆಯ ಹಿರಿಯ ಅಂಚೆ ಗುಮಾಸ್ತರು. ನಾನೂರ ಎಪ್ಪತ್ತೆಂಟು ಅಡಿ ಐದು ಇಂಚು. ಮುಂದೆ ಕರಿಕಲ್ಲಿನ ಗೋಡೆ. ಅದರಲ್ಲಿ ಕೊರೆದು, ಮದ್ದು ತುಂಬದೆ ಬಿಟ್ಟ ತೂತುಗಳು ಸಾಲಾಗಿದ್ದವು. ಮಾವ ದೀಪವನ್ನು ನನ್ನ ಕೈಗೆ ಕೊಟ್ಟು ಒಂದೊಂದರೊಳಗೂ ಬೆರಳು ಹಾಕಿ ನೋಡಿದರು. ಕೆಳಗಿನ ಸಾಲಿನ ಮೂರನೆಯದಕ್ಕೆ ಬಂದಾಗ, "ಇದು ನಂದು. ನಾನು ಯಾವಾಗಲೂ ಎಡಕ್ಕೆ ಎಳೀತಿದ್ದೆ, ಮೇಸ್ತ್ರಿ ಬೈತಿದ್ದ" ಎಂದರು. ತೂತು ಎಡಕ್ಕಿತ್ತು.

ಹದಿನೈದನೇ ತಾರೀಕು ಬಂತು. ಬೀದಿಯಲ್ಲಿ ಯಾರೂ ಘೋಷಣೆ ಕೂಗಲಿಲ್ಲ. ಇಪ್ಪತ್ತೆರಡು ಬಾಗಿಲೂ ತೆರೆದಿದ್ದವು, ಎಲ್ಲರೂ ಅವರವರ ಕೆಲಸದಲ್ಲಿದ್ದೆವು. ಜೀಪು ಬಂದು ನಿಂತಾಗ ನಾನು ಗ್ರಂಥಾಲಯದ ನಲವತ್ತು ಪುಸ್ತಕಗಳ ಅಂಚು ಕತ್ತರಿಸುತ್ತಿದ್ದೆ. ಎಂಜಿನಿಯರು ಬಾಗಿಲಲ್ಲಿ ನಿಂತು, "ಯಾಕಮ್ಮಾ, ಸಾಮಾನು ಕಟ್ಟಿಲ್ವಾ?" ಎಂದರು.

"ಕಟ್ಟಿದ್ದೀನಿ ಸಾರ್. ಇದೋ, ನಲವತ್ತು ಪುಸ್ತಕ" ಎಂದೆ.

"ತಮಾಷೆ ಬೇಡ. ನಕ್ಷೆ ದಾಖಲೆ. ಅದನ್ನ ಮೀರಿ ನಾನೇನೂ ಮಾಡೋ ಹಾಗಿಲ್ಲ."

ಮೊಳೆಗೆ ನೇತುಹಾಕಿದ್ದ ಉಕ್ಕಿನ ಟೇಪನ್ನು ತೆಗೆದು ಅವರ ಕೈಗಿಟ್ಟೆ. "ಹಾಗಾದ್ರೆ ಇನ್ನೊಂದು ದಾಖಲೆ ನೀವೇ ಮಾಡಿ. ಗುಡ್ಡ ಐದು ನಿಮಿಷದ ದಾರಿ. ಮಾವ ಜೊತೆಗೆ ಬರ್ತಾರೆ."

ಅವರು ಟೇಪನ್ನು ನೋಡಿದರು, ತಮ್ಮ ಬೂಟು ನೋಡಿಕೊಂಡರು. ಮಾವ, "ಪ್ಯಾಂಟು ಬಿಳೀದಲ್ಲ ತಾನೇ? ಬನ್ನಿ ಮತ್ತೆ!" ಎಂದು ಕೂಗಿದರು. ಬೀದಿಯೆಲ್ಲ ನಕ್ಕಿತು. ಯಾಕೆ ನಕ್ಕರೆಂದು ಅವರಿಗೆ ಗೊತ್ತಾಗಲಿಲ್ಲ. ಆದರೆ ಹೋದರು. ಮುಕ್ಕಾಲು ಗಂಟೆಯಾದ ಮೇಲೆ ಮಂಡಿಗೆಲ್ಲ ಕಲ್ಲುಪುಡಿ ಮೆತ್ತಿಕೊಂಡು ಬಂದು, ಟೇಪನ್ನು ಒರೆಸಿ, ಸುತ್ತಿ ನನಗೆ ಕೊಟ್ಟರು. ಜೀಪು ಹೋಯಿತು. ಯಾರೂ ಖಾಲಿ ಮಾಡಿಲ್ಲ.

ಬೈಂಡಿಂಗಿನವಳು

ಮೇ 28

ಮಗಳೇ,

ಕಚೇರಿಯಿಂದ ಇವತ್ತು ಎರಡು ಪತ್ರ ಬಂದವು. ನೋಟೀಸನ್ನು ವಾಪಸು ಪಡೆದಿದ್ದಾರೆ, ಸಾಲಿನಲ್ಲಿ ಎಲ್ಲರಿಗೂ ಒಂದೊಂದು ಪ್ರತಿ ಬರುತ್ತದೆ. ಎರಡನೆಯದು ನನಗೆ ಮಾತ್ರ. ಫಲಕ ತೆಗೆದುಹಾಕಿದ್ದಾರೆ. ಸುಳ್ಳು ದಾಖಲೆ ಬರೆದದ್ದಕ್ಕೆ ವಿಷಾದ ವ್ಯಕ್ತಪಡಿಸಿ ಎರಡು ಸಾಲು ಬರೆದುಕೊಟ್ಟರೆ ವಿಷಯವನ್ನು ಅಲ್ಲಿಗೆ ಮುಗಿಸುತ್ತಾರಂತೆ.

ಎರಡು ಸಾಲು ಬರೆದುಕೊಟ್ಟೆ. 'ಅಳತೆಯನ್ನು ತಪ್ಪಾಗಿ ಬರೆದೆ. ಅದೇ ಕಲ್ಲು, ಅದೇ ನಿಯಮ, ಅದೇ ಹನ್ನೊಂದು ಮನೆಗಳಿದ್ದರೆ ಮತ್ತೆ ಹಾಗೇ ಬರೆಯುತ್ತೇನೆ.' ಏನು ಮಾಡುತ್ತಾರೋ ಮಾಡಲಿ. ಎಪ್ಪತ್ತೆಂಟು ವರ್ಷದವನನ್ನು ಕೆಲಸದಿಂದ ತೆಗೆಯುವುದು ಹೇಗೆಂದು ಅವರೇ ಯೋಚಿಸಬೇಕು.

ವಿಷಾದವೇನಿದ್ದರೂ ಡ್ರಿಲ್ಲರನಿಗೆ. ಅದನ್ನು ಅವನಿಗೆ ಬೇರೆಯಾಗಿ ಬರೆದಿದ್ದೇನೆ. ಈ ಸಲ ಅತ್ತೆಯ ಕೈಯಲ್ಲಿ ಓದಿಸಲಿ.

ಇದರೊಂದಿಗೆ ಹೊಸ ಕರಾರು ಇಟ್ಟಿದ್ದೇನೆ. ಹತ್ತು ವರ್ಷಕ್ಕೆ, ನಾನು ಇದ್ದರೂ ಇಲ್ಲದಿದ್ದರೂ. ಮಗಳೂ ಸಹಿ ಹಾಕಿದ್ದಾಳೆ. ಇನ್ನೊಂದು ಸಲ ಯಾರಾದರೂ 'ಎಷ್ಟು ಕಾಲ' ಎಂದು ನಿನ್ನನ್ನು ಕೇಳಿದರೆ ಇದನ್ನು ತೋರಿಸು. ಕೋಣೆಗಳ ಅಳತೆಯನ್ನು ನೆನಪಿನಿಂದಲೇ ಬರೆದಿದ್ದೇನೆ. ಸಹಿ ಹಾಕುವ ಮೊದಲು ನೀನೇ ಅಳೆದು ನೋಡು. ನನ್ನ ಅಂಕಿಯನ್ನು ಇನ್ನು ಯಾರೂ ಸುಮ್ಮನೆ ನಂಬಬಾರದು.

ಸರ್ವೇಯರ್

ಜೂನ್ 6

ಸಾಹೇಬರೇ,

ಅಳೆದೆ. ನರ್ಸಮ್ಮ ಓದಿದಳು, ನಾನು ಬರೆದೆ, ಮಾವ ತಿರುಗಿ ಕೂಗಿದರು. ಆದ್ದರಿಂದ ಬೀದಿಗೆಲ್ಲ ಗೊತ್ತಿದೆ.

ಹಿಂದಿನ ಕೋಣೆ ಸರಿ. ಅಡುಗೆಮನೆ ಸರಿ. ಮುಂದಿನ ಕೋಣೆ ನೀವು ಬರೆದದ್ದಕ್ಕಿಂತ ಎರಡು ಇಂಚು ಕಡಿಮೆ ಇದೆ. ನಿಮ್ಮ ಅಂಕಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆದು, ಸಹಿ ಹಾಕಿದ್ದೇನೆ.

ಹದಿನಾಲ್ಕನೇ ಮನೆಯವಳು